ತೆರೆದ ಪೀಠದ ಮೇಲೆ ಸಿಡ್ನಿ ದರ್ಶನ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಗಾದೆ ಹೇಳುತ್ತದೆ. ಸುತ್ತುವುದು ಯಾವ ವಾಹನದಲ್ಲಿ ಎಂಬುದನ್ನು ಮಾತ್ರ ಅದು ಸುತ್ತುವವನ ವಿವೇಕಕ್ಕೇ ಬಿಟ್ಟಿದೆ. ಇದು ಸಣ್ಣ ವಿಷಯವೇನೂ ಅಲ್ಲ. ಬಸ್ಸಿನ ಗಾಜಿನ ಹಿಂದೆ ಕುಳಿತವನಿಗೆ ಊರಿನ ಗಾಳಿ ತಾಕದು, ಕಡಲಿನ ವಾಸನೆ ತಟ್ಟದು. ನಡೆದು ನೋಡುವವನಿಗೆ ಇವೆಲ್ಲ ದೊರೆಯುತ್ತವೆ, ನಿಜ. ಆದರೆ ನಾಲ್ಕು ಬೀದಿ ಮುಗಿಯುವುದರೊಳಗಾಗಿ ಮೊಣಕಾಲು ಮುಷ್ಕರ ಹೂಡುತ್ತದೆ. ಇವೆರಡರ ನಡುವಣ ಮಾರ್ಗವೊಂದು ಆಸ್ಟ್ರೇಲಿಯದ ಸಿಡ್ನಿ ನಗರದಲ್ಲುಂಟು. ಪ್ರವಾಸಿಗನನ್ನು ಮೋಟಾರು ಸೈಕಲ್ಲಿನ ಹಿಂಬದಿಯಲ್ಲಿಯೋ, ‘ಟ್ರೈಕ್’ ಎಂಬ ಮೂರು ಗಾಲಿಯ ತೆರೆದ ವಾಹನದಲ್ಲಿಯೋ ಕುಳ್ಳಿರಿಸಿಕೊಂಡು ಊರು ತೋರಿಸುವವರು ಅಲ್ಲಿದ್ದಾರೆ.

ಮೂರು ಗಾಲಿ ಎಂದೊಡನೆ ನಮ್ಮವರ ಕಣ್ಣ ಮುಂದೆ ಆಟೋರಿಕ್ಷಾ ಬಂದು ನಿಲ್ಲುವುದು ಸಹಜ. ಗಾಲಿಗಳ ಲೆಕ್ಕವೊಂದನ್ನು ಬಿಟ್ಟರೆ ಇವೆರಡಕ್ಕೂ ಹೆಚ್ಚಿನ ನೆಂಟಸ್ತನವಿಲ್ಲ. ಟ್ರೈಕಿಗೆ ತಲೆಯ ಮೇಲೆ ಮಾಡಿಲ್ಲ, ಪಕ್ಕಕ್ಕೆ ಪರದೆಯಿಲ್ಲ. ಮುಂದೆ ಒಂದು ಗಾಲಿ, ಅದನ್ನು ಹಿಡಿದ ಉದ್ದನೆಯ ಕವಲು, ಅಗಲವಾದ ಹಿಡಿ. ಹಿಂದೆ ಕಾರಿನ ಗಾಲಿಯಷ್ಟು ದಪ್ಪನಾದ ಎರಡು ಗಾಲಿ. ಸವಾರನ ಬೆನ್ನ ಹಿಂದಿನ ಪೀಠದಲ್ಲಿ ಪ್ರಯಾಣಿಕರು ಒತ್ತಿನಲ್ಲಿ ಒಬ್ಬರಂತೆ ಕುಳಿತುಕೊಳ್ಳುತ್ತಾರೆ. ಇಂಥ ಎಷ್ಟೋ ವಾಹನಗಳ ಹಿಂಭಾಗದಲ್ಲಿ ಗುಡುಗುವುದು ಹಳೆಯ ಫೋಕ್ಸ್‌ವ್ಯಾಗನ್ ಕಾರಿನ ಯಂತ್ರವೇ.

ಎರಡು ಗಾಲಿಯ ವಾಹನದಲ್ಲಿ ಹಿಂದೆ ಕುಳಿತವನಿಗೂ ಒಂದು ಕೆಲಸವಿದೆ. ತಿರುವಿನಲ್ಲಿ ಸವಾರನು ಬಾಗಿದಾಗ ತಾನೂ ಅವನೊಡನೆ ಬಾಗಬೇಕು. ಭಯದಿಂದ ವಿರುದ್ಧ ದಿಕ್ಕಿಗೆ ಮೈ ಎಳೆದರೆ ಇಬ್ಬರ ಸಮತೋಲವೂ ಕೆಡುತ್ತದೆ. ಟ್ರೈಕು ಬಾಗುವುದಿಲ್ಲವಾದ್ದರಿಂದ ಈ ವಿದ್ಯೆಯನ್ನು ಕಲಿಯಬೇಕಾಗಿಲ್ಲ. ದ್ವಿಚಕ್ರಕ್ಕೆ ಅಂಜುವವರು ಇದನ್ನು ಮೆಚ್ಚುವುದು ಅದಕ್ಕಾಗಿಯೇ. ಹಾರಾಡುವ ಸೆರಗು, ಶಾಲು ಮಾತ್ರ ಎರಡಕ್ಕೂ ಸಲ್ಲದು. ಹೆಲ್ಮೆಟ್ಟು ಮತ್ತು ಮೈ ತುಂಬ ಮುಚ್ಚುವ ದಪ್ಪನೆಯ ಅಂಗಿ ಅವಶ್ಯ. ಮೋಟಾರು ಸೈಕಲ್ಲಿನ ಹೊಗೆಕೊಳವೆ ಕೆಂಡದಂತೆ ಕಾದಿರುವುದರಿಂದ ಕಾಲನ್ನು ಅದರಿಂದ ದೂರವಿರಿಸಿಕೊಳ್ಳುವುದು ಕ್ಷೇಮ.

ಸವಾರಿಗೆ ಮೊದಲು ಮಾಡಲು ಬಂದರದ ದಂಡೆಯ ‘ದಿ ರಾಕ್ಸ್’ ಎಂಬ ಹಳೆಯ ಕೇರಿ ಯೋಗ್ಯವಾದುದು. 1788ರಲ್ಲಿ ಇಂಗ್ಲೆಂಡಿನಿಂದ ಕೈದಿಗಳನ್ನು ತಂದಿಳಿಸಿದ ನೆಲ ಇದರ ಪಕ್ಕದಲ್ಲಿಯೇ ಇದೆ. ಇಲ್ಲಿನ ಮರಳುಗಲ್ಲಿನ ಗುಡ್ಡವನ್ನು ಸೀಳಿ ಮಾಡಿದ ‘ಆರ್ಗೈಲ್ ಕಟ್’ ಎಂಬ ದಾರಿಯೊಳಕ್ಕೆ ವಾಹನವು ನುಗ್ಗಿದಾಗ ಯಂತ್ರದ ಸದ್ದು ಎರಡೂ ಗೋಡೆಗೆ ಬಡಿದು ಇಮ್ಮಡಿಯಾಗಿ ಮರಳುತ್ತದೆ. 1843ರಲ್ಲಿ ಸಂಕೋಲೆಯ ಕೈದಿಗಳು ಉಳಿ ಸುತ್ತಿಗೆಗಳಿಂದ ಕೊರೆಯತೊಡಗಿದ ಈ ದಾರಿಯನ್ನು 1859ರಲ್ಲಿ ಕೂಲಿಯ ಕೆಲಸಗಾರರು ಸಿಡಿಮದ್ದಿನ ಸಹಾಯದಿಂದ ಮುಗಿಸಿದರು. ಅರ್ಧ ನಿಮಿಷದಲ್ಲಿ ದಾಟಿಬಿಡುವ ದಾರಿಗೆ ಹದಿನಾರು ವರ್ಷ ಹಿಡಿದಿತ್ತು.

ಅದರಾಚೆಯ ಓರೆಕೋರೆ ಬೀದಿಗಳು, ಕಲ್ಲಿನ ಮೆಟ್ಟಿಲುಗಳು, ಸಾಲುಮನೆಗಳು ಇಂದು ಚಿತ್ರದಂತೆ ನಿಂತಿವೆ. ಆದರೆ ಇವು ತಾವಾಗಿಯೇ ಉಳಿದುಕೊಂಡವೆಂದು ತಿಳಿದರೆ ತಪ್ಪು. ಈ ಹಳೆಯ ಮನೆಗಳನ್ನು ಕೆಡವಿ ಗಗನಚುಂಬಿ ಕಟ್ಟಡಗಳನ್ನು ಎಬ್ಬಿಸಬೇಕೆಂದು 1970ರ ಸುಮಾರಿಗೆ ಸರಕಾರದ ಯೋಜನೆ ಸಿದ್ಧವಾಗಿತ್ತು. ತಲೆತಲಾಂತರದಿಂದ ಅಲ್ಲಿದ್ದ ಬಡ ಬಾಡಿಗೆದಾರರು ಗಂಟುಮೂಟೆ ಕಟ್ಟಬೇಕಾಗಿತ್ತು. ಅವರು ಕಟ್ಟಡ ಕಾರ್ಮಿಕರ ಸಂಘದ ಮೊರೆಹೊಕ್ಕರು. ಜ್ಯಾಕ್ ಮುಂಡೇ ಎಂಬವರು ಆ ಸಂಘದ ಮುಖಂಡರಾಗಿದ್ದರು. ಕೆಡವುವ ಕೆಲಸಕ್ಕೆ ತಮ್ಮವರಾರೂ ಕೈಹಾಕುವುದಿಲ್ಲವೆಂದು ಕಾರ್ಮಿಕರು ಸಾರಿದರು. ಕಟ್ಟಡದ ಕೆಲಸವೇ ಅನ್ನವಾಗಿದ್ದವರು, ನಿವಾಸಿಗಳ ಮನೆಗಳಿಗಾಗಿ ಆ ಅನ್ನವನ್ನೇ ಬೇಡವೆಂದರು! ಇಂಥ ನಿರಾಕರಣೆಗೆ ‘ಹಸಿರು ಬಹಿಷ್ಕಾರ’ವೆಂಬ ಹೆಸರು ಬಂದಿತು. 1973ರಲ್ಲಿ ಇದೇ ಕೇರಿಯ ಪ್ರತಿಭಟನೆಯಲ್ಲಿ ಪೋಲೀಸರು ಮುಂಡೇಯವರನ್ನು ಹಿಡಿದೊಯ್ದರು. ಅವರು 2020ರಲ್ಲಿ ತೀರಿಕೊಂಡರು. ಅವರನ್ನು ಬಂಧಿಸಿದ ಕೇರಿಯ ಒಂದು ಎಡೆಗೆ ಇಂದು ಅವರದೇ ಹೆಸರಿದೆ.

ಕೇರಿಯನ್ನು ಬಿಟ್ಟು ವಾಹನವು ಸೇತುವೆಯನ್ನೇರಿದಾಗ ಸವಾರಿಯ ಅತ್ಯಂತ ರೋಮಾಂಚಕಾರಿಯಾದ ಘಳಿಗೆ ಒದಗುತ್ತದೆ. ಕಾರಿನಲ್ಲಿ ಹೋಗುವವನಿಗೆ ಸಿಡ್ನಿ ಬಂದರದ ಸೇತುವೆಯೆಂದರೆ ಎರಡು ಬದಿಗೆ ಸರಿದುಹೋಗುವ ಕಬ್ಬಿಣದ ಬೇಲಿ. ಟ್ರೈಕಿನಲ್ಲಿ ಕುಳಿತವನಾದರೋ ತಲೆಯನ್ನು ಹಿಂದಕ್ಕೊರಗಿಸಿದರೆ ಸಾಕು. ಉಕ್ಕಿನ ಕಮಾನು ಆಕಾಶವನ್ನು ಚೌಕ ಚೌಕವಾಗಿ ಕತ್ತರಿಸುತ್ತ ಮೇಲೇರಿ ಇಳಿಯುವುದು ಕಾಣುತ್ತದೆ. ಕಮಾನಿನ ಹರವು 503 ಮೀಟರು. ನೆತ್ತಿ ಸಮುದ್ರಮಟ್ಟದಿಂದ 134 ಮೀಟರು. ಸುಮಾರು 60 ಲಕ್ಷ ರಿವೆಟ್ಟು ಮೊಳೆಗಳನ್ನು ಕಾಯಿಸಿ ಬಡಿದು ಇದನ್ನು ಹೊಲಿದಿದ್ದಾರೆ. ಬಿಸಿಲೇರಿದಾಗ ಉಕ್ಕು ಹಿಗ್ಗಿ ನೆತ್ತಿಯು ಒಂದು ಗೇಣಿನಷ್ಟು ಮೇಲೇಳುತ್ತದೆಯಂತೆ. ನಾಲ್ಕು ಮೂಲೆಯಲ್ಲಿ ನಿಂತ ಕಲ್ಲಿನ ಗೋಪುರಗಳು ಕಮಾನಿನ ಭಾರವನ್ನು ಹೊತ್ತಿವೆಯೆಂದು ನೋಡಿದವರೆಲ್ಲ ನಂಬುತ್ತಾರೆ. ನಿಜವಾಗಿ ಅವು ಅಲಂಕಾರಕ್ಕೆ ನಿಂತ ದ್ವಾರಪಾಲಕರು.

ಈ ಸೇತುವೆಯ ಆರಂಭೋತ್ಸವವೂ ಸ್ವಾರಸ್ಯವಾದುದೇ. 1932ರ ಮಾರ್ಚ್ 19ರಂದು ರಾಜ್ಯದ ಪ್ರಧಾನಿ ಜ್ಯಾಕ್ ಲ್ಯಾಂಗ್ ರೇಷ್ಮೆಪಟ್ಟಿ ಕತ್ತರಿಸುವುದಕ್ಕೆ ಮೊದಲೇ, ಸೈನಿಕ ವೇಷದ ಡಿ ಗ್ರೂಟ್ ಎಂಬ ರಾಜಕೀಯ ವಿರೋಧಿಯೊಬ್ಬನು ಕುದುರೆಯ ಮೇಲೆ ಬಂದು ಕತ್ತಿಯಿಂದ ಅದನ್ನು ಸೀಳಿಬಿಟ್ಟನು. ಅವನನ್ನು ಕೆಳಗಿಳಿಸಿ, ಪಟ್ಟಿಯನ್ನು ಮತ್ತೆ ಗಂಟುಹಾಕಿ, ಪ್ರಧಾನಿಯು ಅದನ್ನು ಎರಡನೆಯ ಸಲ ಕತ್ತರಿಸಬೇಕಾಯಿತು. ಡಿ ಗ್ರೂಟನಿಗೆ ಐದು ಪೌಂಡು ಜುಲ್ಮಾನೆ ಬಿದ್ದಿತು. ಈ ಕತೆಯನ್ನು ಕೇಳಿ ನಗದವರಿಲ್ಲ. ಆದರೆ ಸೇತುವೆಯ ಕೆಲಸದಲ್ಲಿ 16 ಜನ ಕಾರ್ಮಿಕರು ಪ್ರಾಣ ಕಳೆದುಕೊಂಡರೆಂಬುದನ್ನೂ, ಅದರ ದಾರಿಗೆ ಅಡ್ಡವಾಗಿದ್ದ ನೂರಾರು ಮನೆಗಳ ಬಾಡಿಗೆದಾರರು ಕಾಸಿನ ಪರಿಹಾರವೂ ಇಲ್ಲದೆ ಬೀದಿಗಿಳಿದರೆಂಬುದನ್ನೂ ಅದರೊಡನೆ ನೆನೆಯುವುದು ಉಚಿತ. ರಾಕ್ಸ್ ಕೇರಿಯವರಿಗೆ 1970ರ ದಶಕದಲ್ಲಿ ಒದಗಿಬಂದಂಥ ಬೆಂಬಲ ಇವರಿಗೆ ಒದಗಲಿಲ್ಲ. ಕಮಾನಿನಿಂದ ಕೆಳಗಿನ ನೀರಿಗೆ ಬಿದ್ದರೂ ಕೆಲವು ಪಕ್ಕೆಲುಬು ಮುರಿದುಕೊಂಡು ಬದುಕಿ ಬಂದ ವಿನ್ಸೆಂಟ್ ಕೆಲ್ಲಿ ಎಂಬ ಕೆಲಸಗಾರನ ಅದೃಷ್ಟವನ್ನು ಊರವರು ಈಗಲೂ ಹೇಳಿಕೊಳ್ಳುತ್ತಾರೆ.

ಸೇತುವೆ ದಾಟಿ ಆಚೆಯ ದಂಡೆಯ ಕಿರಿಬಿಲ್ಲಿಯಲ್ಲಿ ನಿಂತರೆ ಎದುರಿಗೆ ಅಪೆರಾ ಹೌಸ್ ಗಾಳಿ ತುಂಬಿದ ಹಾಯಿಗಳಂತೆ ಮೆರೆಯುತ್ತದೆ. ಅದರ ಮೈಮೇಲಿನ ಹೊಳೆಯುವ ಬಿಲ್ಲೆಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರುತ್ತದೆ. ಡೆನ್ಮಾರ್ಕಿನ ಶಿಲ್ಪಿ ಯೋರ್ನ್ ಉಟ್ಸಾನರ ನಕ್ಷೆಗೆ 1957ರಲ್ಲಿ ಸ್ಪರ್ಧೆಯ ಬಹುಮಾನ ಬಂದಿತು. ಹಣ ಮತ್ತು ಅಧಿಕಾರದ ಜಗಳದಲ್ಲಿ ಬೇಸತ್ತು 1966ರಲ್ಲಿ ಅವರು ಕೆಲಸವನ್ನು ಬಿಟ್ಟು ಹೊರಟುಹೋದರು. 1973ರಲ್ಲಿ ಕಟ್ಟಡವು ತೆರೆದಾಗಲೂ ಅವರು ಬರಲಿಲ್ಲ, ಮುಂದೆಯೂ ಬರಲಿಲ್ಲ. 2008ರಲ್ಲಿ ಅವರು ಕಣ್ಣುಮುಚ್ಚಿದರು. ಲೋಕವೆಲ್ಲ ನೋಡಲು ಬರುವ ಕಟ್ಟಡವನ್ನು ಅದರ ನಿರ್ಮಾತೃ ಪೂರ್ಣರೂಪದಲ್ಲಿ ಕಣ್ಣಾರೆ ಕಾಣಲೇ ಇಲ್ಲ!

ಮತ್ತೆ ಸೇತುವೆ ದಾಟಿ ದಕ್ಷಿಣದ ದಂಡೆಗೆ ಬಂದ ವಾಹನವು ಉದ್ಯಾನದ ಅಂಚಿನಲ್ಲಿ ಸಾಗಿ ಒಂದು ಭೂಶಿರದ ತುದಿಯಲ್ಲಿ ನಿಲ್ಲುತ್ತದೆ. ಮರಳುಗಲ್ಲಿನಲ್ಲಿ ಪೀಠದಂತೆ ಕಡೆದ ಬಂಡೆಯೊಂದು ಅಲ್ಲಿದೆ. ಅದರ ಹೆಸರು ‘ಮಿಸೆಸ್ ಮ್ಯಾಕ್ವಾರಿಯ ಕುರ್ಚಿ’. 1810ರಿಂದ 1821ರವರೆಗೆ ಇಲ್ಲಿ ಗವರ್ನರನಾಗಿದ್ದ ಲ್ಯಾಕ್ಲನ್ ಮ್ಯಾಕ್ವಾರಿಯ ಪತ್ನಿ ಎಲಿಜಬೆತ್ ಕುಳಿತು ಕಡಲನ್ನು ನೋಡಲೆಂದು ಕೈದಿಗಳು ಇದನ್ನು ಕಡೆದರು. ಕನ್ನಡ ನಾಡಿನಿಂದ ಹೋದವರು ಇಲ್ಲಿ ಒಂದು ಕ್ಷಣ ಹೆಚ್ಚಾಗಿ ನಿಲ್ಲಬೇಕು. ಏಕೆಂದರೆ ಈ ಮ್ಯಾಕ್ವಾರಿಯು ತಾರುಣ್ಯದಲ್ಲಿ ಭಾರತದ ಬ್ರಿಟಿಷ್ ಸೇನೆಯಲ್ಲಿದ್ದು, 1792ರಲ್ಲಿಯೂ 1799ರಲ್ಲಿಯೂ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಭಾಗವಹಿಸಿದ್ದನು. ಟಿಪ್ಪು ಸುಲ್ತಾನನು ಮಡಿದ ಕೋಟೆಯ ಲೂಟಿಯ ಹಣದಲ್ಲಿ ಅವನಿಗೂ ಪಾಲು ಬಂದಿತ್ತು. ಕಾವೇರಿಯ ದಂಡೆಯನ್ನು ಕಂಡ ಕಣ್ಣುಗಳೇ ಈ ಬಂದರನ್ನೂ ಆಳಿದವು.

ಇಲ್ಲಿಂದ ಮುಂದೆ ದಾರಿಯು ಕೊಲ್ಲಿಯಿಂದ ಕೊಲ್ಲಿಗೆ ಏರಿಳಿಯುತ್ತ ಪೂರ್ವಕ್ಕೆ ಹೋಗುತ್ತದೆ. ಒಂದು ತಿರುವಿನಲ್ಲಿ ನೀರು ಎಡಕ್ಕೆ ಥಟ್ಟನೆ ಮಿಂಚುತ್ತದೆ. ಇನ್ನೊಂದರಲ್ಲಿ ಶ್ರೀಮಂತರ ತೋಟದ ಗೋಡೆಯ ಹಿಂದೆ ಮರೆಯಾಗುತ್ತದೆ. ನೀಲಗಿರಿ ಮರಗಳ ಕಂಪು, ಯಾರದೋ ಅಡುಗೆಯ ಒಗ್ಗರಣೆ, ಆಮೇಲೆ ಉಪ್ಪುಗಾಳಿ, ಒಂದಾದ ಮೇಲೊಂದು ಮುಖಕ್ಕೆ ಬಂದು ಬಡಿಯುತ್ತವೆ. ವಾಹನಗಳು ನಮ್ಮಲ್ಲಿಯಂತೆಯೇ ಎಡಬದಿಯಲ್ಲಿ ಚಲಿಸುವುದರಿಂದ ನಮ್ಮವರಿಗೆ ಹೊಸತೆನಿಸುವುದಿಲ್ಲ. ನಡುಹಗಲ ಸೂರ್ಯನು ಉತ್ತರ ದಿಕ್ಕಿನಲ್ಲಿ ನಿಂತಿರುವುದೊಂದೇ ದಿಕ್ಕು ತಪ್ಪಿಸುತ್ತದೆ.

ಕಡಲ ಕಡಿಬಂಡೆಯ ಮೇಲೆ ಬಿಳಿಯ ಮ್ಯಾಕ್ವಾರಿ ದೀಪಸ್ತಂಭವು ಕಾಣಿಸುತ್ತದೆ. 1818ರಲ್ಲಿ ಇಲ್ಲಿ ಮೊದಲ ದೀಪಸ್ತಂಭವನ್ನು ಕಟ್ಟಿದವನು ಫ್ರಾನ್ಸಿಸ್ ಗ್ರೀನ್‌ವೇ. ಸುಳ್ಳು ಪತ್ರ ಸೃಷ್ಟಿಸಿದ ಅಪರಾಧಕ್ಕಾಗಿ ಗಡೀಪಾರಾಗಿ ಬಂದ ಕೈದಿ ಅವನು! ಅವನ ಕುಶಲತೆಯನ್ನು ಮೆಚ್ಚಿ ಮ್ಯಾಕ್ವಾರಿಯು ಅವನನ್ನು ಬಂಧಮುಕ್ತನನ್ನಾಗಿ ಮಾಡಿದನು. ಮೆದುವಾದ ಕಲ್ಲು ಉದುರತೊಡಗಿದ್ದರಿಂದ 1883ರಲ್ಲಿ ಹೊಸ ಸ್ತಂಭವು ಬಂದಿತು. ಕಾಲದ ವಿನೋದವನ್ನು ನೋಡಿ: ಕೃತ್ರಿಮ ಪತ್ರದ ಅಪರಾಧಿಯ ಭಾವಚಿತ್ರವೇ 1966ರಿಂದ 1993ರವರೆಗೆ ಆಸ್ಟ್ರೇಲಿಯದ ಹತ್ತು ಡಾಲರಿನ ನೋಟಿನ ಮೇಲೆ ರಾರಾಜಿಸಿತು.

ಸ್ವಲ್ಪ ಮುಂದೆ ‘ದಿ ಗ್ಯಾಪ್’ ಎಂಬ ಕಡಿದಾದ ಬಂಡೆ. ಇಲ್ಲಿ ಸವಾರನು ಯಂತ್ರವನ್ನು ನಿಲ್ಲಿಸಿದೊಡನೆ ಕೆಳಗೆ ಅಲೆಗಳು ಅಪ್ಪಳಿಸುವ ಸದ್ದು ಕಿವಿಯನ್ನು ತುಂಬುತ್ತದೆ. 1857ರ ಆಗಸ್ಟ್ 20ರ ರಾತ್ರಿ ಡನ್‌ಬಾರ್ ಎಂಬ ಹಡಗು, ಬಂದರದ ಬಾಗಿಲು ಕೂಗಳತೆಯಲ್ಲಿರುವಾಗ, ಬಿರುಮಳೆಯ ಕತ್ತಲಲ್ಲಿ ಈ ಬಂಡೆಗಳಿಗೆ ಬಡಿದು ಚೂರಾಯಿತು. ತಿಂಗಳುಗಟ್ಟಲೆ ಪಯಣಿಸಿ ಮನೆಯ ಹೊಸ್ತಿಲಿಗೆ ಬಂದಿದ್ದ 121 ಜನರು ಮುಳುಗಿದರು. ಜೇಮ್ಸ್ ಜಾನ್ಸನ್ ಎಂಬ ನಾವಿಕನೊಬ್ಬನೇ ಬಂಡೆಯ ಸಂದಿಗೆ ಅಂಟಿಕೊಂಡು ಒಂದೂವರೆ ದಿನ ಕಳೆದು, ಹಗ್ಗದ ಮೂಲಕ ಮೇಲಕ್ಕೆ ಬಂದನು. ಮರುವರ್ಷವೇ ಬಂದರದ ಬಾಯಲ್ಲಿ ಹಾರ್ನ್‌ಬಿ ಎಂಬ ಇನ್ನೊಂದು ದೀಪವನ್ನು ಹೊತ್ತಿಸಿದರು. ಜಾನ್ಸನನು ಮುಂದೆ ನ್ಯೂಕಾಸಲ್ ಬಂದರದಲ್ಲಿ ಕೆಲಸಕ್ಕೆ ಸೇರಿದನು. 1866ರಲ್ಲಿ ಅಲ್ಲಿ ಕವಾರಾ ಎಂಬ ಹಡಗು ಒಡೆದಾಗ ಉಳಿದವನು ಒಬ್ಬನೇ ಒಬ್ಬ. ಅವನನ್ನು ನೀರಿನಿಂದೆತ್ತಿದವರಲ್ಲಿ ಈ ಜಾನ್ಸನನೂ ಇದ್ದನು. ಡನ್‌ಬಾರ್ ಹಡಗಿನ ಲಂಗರನ್ನು ಗ್ಯಾಪಿನ ಬಂಡೆಯ ಬಳಿ ನೆಟ್ಟಿದ್ದಾರೆ.

ಅಲ್ಲಿಂದ ದಕ್ಷಿಣಕ್ಕೆ ಮರಳಿ ಇಳಿಜಾರಿನಲ್ಲಿ ಸಾಗಿದರೆ ಬಾಂಡೈ ಕಡಲತೀರ. ಸುಮಾರು ಒಂದು ಕಿಲೋಮೀಟರು ಉದ್ದದ ಮರಳಿನ ಬಿಲ್ಲು. ಕೆಂಪು ಹಳದಿ ಬಾವುಟಗಳ ನಡುವೆಯೇ ಈಜಬೇಕೆಂಬುದು ಇಲ್ಲಿಯ ಕಟ್ಟಳೆ. 1907ರಲ್ಲಿ ಇಲ್ಲಿ ಜೀವರಕ್ಷಕರ ಸಂಘವು ಸ್ಥಾಪನೆಯಾಯಿತು. ಸದಸ್ಯರು ಸಂಬಳವಿಲ್ಲದ ಸ್ವಯಂಸೇವಕರು. 1938ರ ಫೆಬ್ರವರಿ 6ರ ಭಾನುವಾರ ಭಾರಿ ಅಲೆಗಳು ಒಂದರ ಹಿಂದೊಂದು ಎದ್ದು ನೂರಾರು ಜನರನ್ನು ಆಳಕ್ಕೆ ಸೆಳೆದೊಯ್ದುವು. ದಡದಲ್ಲಿದ್ದ ಸ್ವಯಂಸೇವಕರು ನೀರಿಗೆ ಧುಮುಕಿ ಸುಮಾರು 250 ಜನರನ್ನು ಎಳೆತಂದರು. ಐವರು ಮಾತ್ರ ಉಳಿಯಲಿಲ್ಲ. ಕೈಬಿಟ್ಟುಹೋದ ಆ ಐವರಿಂದಾಗಿ ಊರವರು ಆ ದಿನವನ್ನು ‘ಕರಾಳ ಭಾನುವಾರ’ವೆಂದೇ ಕರೆಯುತ್ತಾರೆ, ಕೈಹಿಡಿದು ತಂದ ಇನ್ನೂರೈವತ್ತು ಜನರ ಲೆಕ್ಕವನ್ನು ಮುಂದೆ ಮಾಡಿಕೊಳ್ಳುವುದಿಲ್ಲ.

ಮೋಟಾರು ಸೈಕಲ್ಲಿನ ಸವಾರಿಯನ್ನು ಹುಡುಗರ ಮೋಜೆಂದು ತಳ್ಳಿಹಾಕುವ ಹಿರಿಯರು ಎಲ್ಲ ಊರಲ್ಲಿಯೂ ಇದ್ದಾರೆ. ಅದರಲ್ಲಿ ಮೋಜಿದೆ ಎಂಬುದೂ ಸುಳ್ಳಲ್ಲ. ಆದರೆ ವಾಹನವನ್ನು ಆಯುವುದರೊಡನೆ ಸವಾರನನ್ನೂ ಆಯಬೇಕು. ವೇಗವನ್ನು ಮೆರೆಸುವವನ ಹಿಂದೆ ಕುಳಿತವನು ಮನೆಗೆ ಒಯ್ಯುವುದು ಗಾಳಿಯ ನೆನಪನ್ನಷ್ಟೇ. ಎಲ್ಲಿ ಯಂತ್ರವನ್ನು ನಿಲ್ಲಿಸಬೇಕೆಂಬುದನ್ನು ಬಲ್ಲವನು, ಗುಡ್ಡ ಕೊರೆದ ಕೈದಿಯನ್ನೂ, ಮನೆ ಕೆಡವಲಾರೆನೆಂದ ಕೂಲಿಯವನನ್ನೂ, ಸಂಬಳವಿಲ್ಲದೆ ನೀರಿಗೆ ಧುಮುಕಿದವನನ್ನೂ ತೋರಿಸಿಕೊಡುತ್ತಾನೆ. ಸವಾರಿಗೆ ತೆತ್ತ ಬಾಡಿಗೆ ಪೆಟ್ರೋಲಿಗೂ ಅವನ ಶ್ರಮಕ್ಕೂ ಸಂದುಹೋಗುತ್ತದೆ. ನೋಡಲು ಸಿಕ್ಕ ಊರಿನ ಬೆಲೆಯನ್ನು ಬೇರೆಯವರು ಎಂದೋ ತೆತ್ತಿದ್ದಾರೆ. ಬಾಂಡೈ ದಡದಲ್ಲಿ ಹೆಲ್ಮೆಟ್ಟು ಕಳಚಿ, ಕಿವಿಯೊಳಗಿನ ಗಾಳಿಯ ಸದ್ದು ಅಡಗುವುದನ್ನು ಕಾಯುತ್ತ ನಿಂತ ಪ್ರವಾಸಿಗನು ಅದನ್ನು ಅರಿತುಕೊಂಡರೆ, ಅವನು ದೇಶವನ್ನು ಸುತ್ತಿದ್ದು ಸಾರ್ಥಕವಾಯಿತು.