ಗೀರು ಅವರದು, ದಂಡ ನಮ್ಮದೇ?

ಕನ್ನಡದ ತರುಣರೇ,

ಕಂತು ಕಟ್ಟಿ ಕೊಂಡ ಕಾರನ್ನು ಬೆಳಿಗ್ಗೆ ಸರ್ವಿಸ್‌ಗೆ ಬಿಡುತ್ತೀರಿ. ಸಂಜೆ ಹೋಗಿ ನೋಡಿದರೆ ಬಾಗಿಲ ಮೇಲೆ ಮೊಳದುದ್ದ ಗೀರು! ಕೇಳಿದರೆ ಕೌಂಟರಿನ ಟೈ ಮಹಾಶಯ ಇಂಗ್ಲಿಷಿನಲ್ಲಿ ಶುರು ಮಾಡುತ್ತಾನೆ. ಗೀರು ಮೊದಲೇ ಇತ್ತಂತೆ. ಜಾಬ್ ಕಾರ್ಡಿಗೆ ನೀವೇ ಸಹಿ ಹಾಕಿದ್ದೀರಂತೆ. 'ಓನರ್ಸ್ ರಿಸ್ಕ್' ಎಂದು ಅದರಲ್ಲೇ ಅಚ್ಚಾಗಿದೆಯಂತೆ. ಇರುವೆ ಕಾಲಿನಷ್ಟು ಸಣ್ಣ ಅಕ್ಷರ, ಅದೂ ಇಂಗ್ಲಿಷು. ಬೆಂಗಳೂರಿನ ನೆಲದಲ್ಲಿ ಮಳಿಗೆ, ಕನ್ನಡಿಗನ ದುಡ್ಡಿನಲ್ಲಿ ವ್ಯಾಪಾರ. ಕನ್ನಡಿಗ ಸಹಿ ಹಾಕುವ ಕಾಗದದಲ್ಲಿ ಮಾತ್ರ ಕನ್ನಡದ ಸುಳಿವಿಲ್ಲ. ಇದು ವ್ಯವಹಾರವೋ, ವಂಚನೆಯೋ?

ಆ ಸಣ್ಣ ಅಕ್ಷರಕ್ಕೆ ಅವರು ಹೇಳುವಷ್ಟು ಬಲವಿಲ್ಲ. 1998ರಲ್ಲಿ ದೆಹಲಿಯ ಪಂಚತಾರಾ ಹೋಟೆಲೊಂದರ ಸಿಬ್ಬಂದಿಗೆ ಕೀಲಿ ಕೊಟ್ಟು ಒಳಹೋದ ಅತಿಥಿಯ ಕಾರು ಕಳುವಾಯಿತು. ಚೀಟಿಯಲ್ಲಿ 'ಹೊಣೆ ಅತಿಥಿಯದೇ' ಎಂದು ಅಚ್ಚಾಗಿತ್ತು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನು? ತನ್ನ ಮತ್ತು ತನ್ನ ನೌಕರರ ನಿರ್ಲಕ್ಷ್ಯಕ್ಕೆ ಹೋಟೆಲು ಇಂಥ ಷರತ್ತಿನ ಮರೆಯಲ್ಲಿ ಅಡಗುವಂತಿಲ್ಲ. ನಂಬಿ ಒಪ್ಪಿಸಿದ ವಸ್ತುವನ್ನು ಸಾಮಾನ್ಯ ವಿವೇಕವುಳ್ಳವನು ತನ್ನದನ್ನು ಕಾಯುವ ಹಾಗೆ ಕಾಯಬೇಕೆಂದು 1872ರ ಕರಾರು ಕಾಯಿದೆಯೇ ಹೇಳುತ್ತದೆ. ಸರ್ವಿಸ್ ಶೆಡ್ಡಿಗೂ ಅದೇ ಕಾಯಿದೆ.

ಆದರೆ ಪುರಾವೆ ನಿಮ್ಮ ಕೈಯಲ್ಲಿರಬೇಕು. ಕಾರು ಬಿಡುವಾಗಲೇ ನಾಲ್ಕೂ ಕಡೆ ಫೋಟೋ ತೆಗೆಯಿರಿ. ವಾಪಸು ಪಡೆಯುವಾಗ ಗೇಟು ದಾಟುವ ಮುಂಚೆ ಸುತ್ತ ನೋಡಿ. ಗೀರು ಕಂಡರೆ 'ತೃಪ್ತಿಯಾಗಿದೆ' ಎಂಬಲ್ಲಿ ಸಹಿ ಹಾಕಬೇಡಿ. ಅದೇ ಕಾಗದದ ಮೇಲೆ 'ಎಡ ಬಾಗಿಲಿಗೆ ಇಲ್ಲಿ ಗೀರು ಬಿದ್ದಿದೆ, ಒಪ್ಪುವುದಿಲ್ಲ' ಎಂದು ಅಚ್ಚ ಕನ್ನಡದಲ್ಲಿ ಬರೆದು ಆಮೇಲೆ ಸಹಿ ಹಾಕಿ. ಅವನು ಓದಿಸಿಕೊಳ್ಳಲಿ! ಕ್ಯಾಮೆರಾ ದೃಶ್ಯ ಅಳಿಸದೆ ಇಡಿ ಎಂದು ಅವತ್ತೇ ಲಿಖಿತವಾಗಿ ಕೇಳಿ. ಬೇರೆ ಕಡೆ ರಿಪೇರಿಯ ಅಂದಾಜು ಪಟ್ಟಿ ಮಾಡಿಸಿ, ಇಂತಿಷ್ಟು ದಿನದೊಳಗೆ ಪರಿಹಾರ ಕೊಡಿ ಎಂದು ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿ.

ಆಗ ದನಿ ಮೆತ್ತಗಾಗುತ್ತದೆ. 'ನಿಮ್ಮ ಇನ್ಶೂರೆನ್ಸಿನಲ್ಲೇ ಹಾಕಿಸಿಬಿಡೋಣ ಸಾರ್' ಎಂದು ಬೆಣ್ಣೆ ಹಚ್ಚುತ್ತಾರೆ. ಎಚ್ಚರ! ಕ್ಲೇಮು ಮಾಡದೆ ವರ್ಷಗಟ್ಟಲೆ ಉಳಿಸಿಕೊಂಡ ನೋ ಕ್ಲೇಮ್ ಬೋನಸ್, ಮೊದಲ ವರ್ಷಕ್ಕೆ ಶೇ. 20ರಿಂದ ಐದು ವರ್ಷಕ್ಕೆ ಶೇ. 50ರವರೆಗೆ ಸಿಗುವ ರಿಯಾಯಿತಿ, ಅವರ ತಪ್ಪಿಗೆ ನಿಮ್ಮ ಜೇಬಿನಿಂದ ಹೋಗುತ್ತದೆ.

ಇನ್ನೊಂದು ಮಾತು. ಕಾರು ತೊಳೆಯುವ ಹುಡುಗನ ಮೇಲೆ ಕೂಗಾಡಬೇಡಿ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಹೊಟ್ಟೆಪಾಡಿಗೆ ಬಂದ ನಮ್ಮವನೇ ಇರಬಹುದು. ಅವನ ಸಂಬಳ ಕಡಿದು ನಿಮಗೆ ಕೊಡುತ್ತೇವೆಂದರೆ ಬೇಡ ಎನ್ನಿ, ಹೊಣೆ ಮಾಲೀಕನದು. ಗಾಜಿಗೆ ಕಲ್ಲೆಸೆಯುವ ಉಮೇದೂ ಬೇಡ. ಕಲ್ಲು ಎಸೆದ ಕ್ಷಣವೇ ನಷ್ಟ ಮಾಡಿದವರು ನೀವಾಗುತ್ತೀರಿ, ಅವರು ಪೊಲೀಸು ಠಾಣೆಯಲ್ಲಿ ದೂರುದಾರರಾಗುತ್ತಾರೆ.

ಅಷ್ಟಕ್ಕೂ ಬಗ್ಗದಿದ್ದರೆ 1915ಕ್ಕೆ ಫೋನು ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯಿದೆಯಂತೆ ನೀವು ವಾಸಿಸುವ ಇಲ್ಲವೇ ದುಡಿಯುವ ಊರಿನಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಸರ್ವಿಸಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಘಟನೆ ನಡೆದು ಎರಡು ವರ್ಷ ದಾಟಬಾರದು. ಬಿಲ್ಲು, ಜಾಬ್ ಕಾರ್ಡು, ಫೋಟೋ, ನೋಟಿಸಿನ ರಸೀದಿ ಇವನ್ನು ಇವತ್ತೇ ಒಂದು ಫೈಲಿಗೆ ಹಾಕಿಡಿ.