ಗಾಳದ ತುದಿಯ ದಯೆ

ಬಸವೇಶ್ವರನಗರದಲ್ಲಿ ನಮ್ಮ ನೆರೆಯವರಾದ ರಾಯರ ನಡುಮನೆಯ ಗೋಡೆಯ ಮೇಲೆ ಒಂದು ಭಾವಚಿತ್ರವಿದೆ. ಯುವಕ ರಾಯರು ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಅವರ ತೋಳುಗಳಲ್ಲಿ ಕೂಸಿನಂತೆ ಒಂದು ಮಹಾಮತ್ಸ್ಯ. ಅದರ ಬೆನ್ನ ಮೇಲೆ ಗೂಳಿಯ ಹಿಣಿಲಿನಂಥ ಡುಬ್ಬ. ಕಳೆದ ಭಾನುವಾರ ಕಾಫಿಗೆ ಕರೆದಿದ್ದ ರಾಯರು, ನನ್ನ ದೃಷ್ಟಿ ಅತ್ತ ಹರಿದುದನ್ನು ಕಂಡು, "ಕೊಲ್ಲಲಿಲ್ಲ, ಮೇಷ್ಟ್ರೆ! ಗಾಳ ಬಿಡಿಸಿ ಮತ್ತೆ ಕಾವೇರಿಗೇ ಬಿಟ್ಟೆವು" ಎಂದರು. ಅಲ್ಲಿಯೇ ಪಾಠ ಬರೆಯುತ್ತಿದ್ದ ಮೊಮ್ಮಗಳು ತಲೆಯೆತ್ತಿ, "ಹಾಗಾದರೆ ಈಗ ಅದೆಲ್ಲಿ, ತಾತ?" ಎಂದಳು. ರಾಯರು ಉತ್ತರಿಸಲಿಲ್ಲ. ಆ ಪ್ರಶ್ನೆ ನನ್ನೊಡನೆ ಮನೆಗೆ ಬಂದಿತು.

ಮಹಶೀರ್ ಎಂದು ಹೆಸರಾದ ಮೀನು ಇದು. ಹೊಳೆಯ ದಡದವರು ಬಿಳಿಮೀನು ಎನ್ನುತ್ತಾರೆ. ಕಾವೇರೀ ತೀರದ ರಾಮನಾಥಪುರದಲ್ಲಿ ಇದರ ಬಳಗಕ್ಕೆ ದೇವರ ಮೀನೆಂಬ ಗೌರವ. ಗಾಳಗಾರರಿಗೆ ಮಾತ್ರ ಇದು ಪರಾಕ್ರಮದ ಅಳತೆಗೋಲು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು.

ಬೇಟೆಯ ಉತ್ಸಾಹಕ್ಕೆ ದಯೆಯ ಕಡಿವಾಣ ಬಿದ್ದುದು ಆಮೇಲೆ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘವು ಕಾವೇರಿಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲಿಟ್ಟಿತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳು ಎದ್ದವು. ಹಿಡಿದುದನ್ನು ತೂಗಿ ನೀರಿಗೇ ಬಿಡುವುದು ನಿಯಮವಾಯಿತು. ಹಿಂದೆ ಸಿಡಿಮದ್ದು ಎಸೆದು ಮೀನು ಕೊಲ್ಲುತ್ತಿದ್ದ ಕೆಲವರೇ ಅತಿಥಿಗಳಿಗೆ ಮಾರ್ಗದರ್ಶಕರಾದರು. ಆಶ್ಚರ್ಯವೆಂದರೆ, ಅಮೆರಿಕದ ಬಾಸ್ ಮೀನಿನ ಪಂದ್ಯಗಳಲ್ಲಿ ಹಿಡಿದ ಮೀನನ್ನು ಜೀವಸಹಿತ ಬಿಡುವ ಪದ್ಧತಿ ಬೇರೂರತೊಡಗಿದುದೂ 1972ರಲ್ಲಿಯೇ.

ಗಾಳಿಬೋರೆಯವರು ಲೆಕ್ಕವನ್ನೂ ಬರೆದಿಟ್ಟರು. 1998ರಿಂದ 2012ರವರೆಗೆ ಅಲ್ಲಿ ಹಿಡಿದು ಬಿಟ್ಟ ಮಹಶೀರ್‌ಗಳು 6,000ಕ್ಕೂ ಹೆಚ್ಚು. ಗಾಳಕ್ಕೆ ಬೀಳುವ ಮೀನುಗಳ ಸಂಖ್ಯೆ ಏರುತ್ತ ಹೋಯಿತು. ದಯೆ ಫಲಿಸಿತೆಂದು ಯಾರಾದರೂ ಹಿಗ್ಗಬಹುದಾಗಿತ್ತು. ಆದರೆ ಆ ಲೆಕ್ಕವನ್ನು ಶೋಧಿಸಿದ ವಿಜ್ಞಾನಿಗಳು 2015ರಲ್ಲಿ ಹೇಳಿದುದೇ ಬೇರೆ. ಹೆಚ್ಚಿದುದು ನೀಲಿ ರೆಕ್ಕೆಯ ಮಹಶೀರ್. ಡುಬ್ಬದ ಮೀನು ವರ್ಷೇ ವರ್ಷೇ ಕಾಣೆಯಾಗುತ್ತಿತ್ತು.

ನೀಲಿ ರೆಕ್ಕೆಯದು ಕೃಷ್ಣಾ ಕಣಿವೆಯ ಮೀನು. ಮಹಾರಾಷ್ಟ್ರದ ಲೋಣಾವಳದಲ್ಲಿ ಅದರ ಮರಿಗಳನ್ನು ಬೆಳೆಸುತ್ತಿದ್ದರು. 1970ರ ದಶಕದಿಂದ ಆ ತಳಿಯ ಮರಿಗಳನ್ನು ಮೀನಿನ ಸಂತತಿ ಹೆಚ್ಚಲೆಂಬ ಸದುದ್ದೇಶದಿಂದಲೇ ಕಾವೇರಿಗೂ ಬಿಟ್ಟರು. ಬಂದ ನೆಂಟ ಮನೆಯೊಡೆಯನಾದ. ಜಪಾನಿನಲ್ಲಿಯೂ ಇದೇ ಕಥೆ: 1925ರಲ್ಲಿ ಆಶಿ ಸರೋವರಕ್ಕೆ ತಂದ ಅಮೆರಿಕದ ಬಾಸ್ ಮೀನು ದೇಶದ ಕೆರೆಗಳಿಗೆಲ್ಲ ಹಬ್ಬಿ ನಾಡಮೀನುಗಳನ್ನು ನುಂಗತೊಡಗಿತು; 2005ರಲ್ಲಿ ಅದನ್ನು ತಡೆಯಲು ಕಾನೂನೇ ಬೇಕಾಯಿತು.

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ವ್ಯಾಕರಣ ನೆನಪಾಗದಿರದು. ಮಹಶೀರ್ ಎಂಬುದು ರೂಢನಾಮ. ಗಾಳ ಹಿಡಿದವನಿಗೂ ಮರಿ ಬಿಟ್ಟವನಿಗೂ ಅಷ್ಟೇ ಸಾಕಾಗಿತ್ತು. ಒಂದರ ಬದಲು ಇನ್ನೊಂದು ಬಂದರೆ ನಷ್ಟವೇನೆಂದು ತೋರಲಿಲ್ಲ. ಕಾವೇರಿಯ ಡುಬ್ಬದ ಮೀನಿಗೆ ಅಂಕಿತನಾಮದಂತೆ 'ತೋರ್ ರೇಮಾದೇವಿ' ಎಂಬ ಹೆಸರು ಸ್ಥಿರಪಟ್ಟುದು 2018ರಲ್ಲಿ. ಅದೇ ವರ್ಷ ಅದು ತೀವ್ರವಾಗಿ ಅಳಿವಿನಂಚಿಗೆ ಬಂದ ಜೀವಿಗಳ ಜಾಗತಿಕ ಕೆಂಪುಪಟ್ಟಿಗೂ ಸೇರಿತು. ಈಗ ಅದು ಕಾಣಸಿಗುವುದು ಮೋಯಾರ್ ಮೊದಲಾದ ಕೆಲವೇ ತಾಣಗಳಲ್ಲಿ.

ಹಾಗೆಂದು ಗಾಳಗಾರರನ್ನೇ ದೂರಿ ಮುಗಿಸುವಂತಿಲ್ಲ. ಅಭಯಾರಣ್ಯದಲ್ಲಿ ಮೀನು ಹಿಡಿಯುವುದು ವನ್ಯಜೀವಿ ಕಾಯಿದೆಗೆ ವಿರುದ್ಧವೆಂದು 2012ರ ವೇಳೆಗೆ ಗಾಳಗಳು ಮೇಲೆದ್ದವು. ಗಾಳದೊಡನೆ ಕಾವಲೂ ಹೋಯಿತೆಂದು, ಕಳ್ಳಬೇಟೆಗೆ ಹಾದಿ ಸುಗಮವಾಯಿತೆಂದು ಮೀನುಗಳ ಅಧ್ಯಯನ ಮಾಡಿದವರೇ ಕೊರಗಿದ್ದಾರೆ.

ನಮ್ಮ ಪಾಲೂ ಇದೆ. 1974ರಿಂದ ಬೆಂಗಳೂರಿನ ನಲ್ಲಿಗಳಿಗೆ ಬರುತ್ತಿರುವ ಕಾವೇರಿಯನ್ನು ಶಿವನಸಮುದ್ರದ ಬಳಿ ಎತ್ತುತ್ತೇವೆ. ರಾಜಾಜಿನಗರ, ವಿಜಯನಗರಗಳ ಕೊಳೆ ವೃಷಭಾವತಿಯಾಗಿ ಕೆಂಗೇರಿಯನ್ನು ಹಾದು, ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಅದೇ ಕಾವೇರಿಗೆ ಬೀಳುತ್ತದೆ. ರಾಯರು ಮೀನು ಹಿಡಿದ ನೀರು ಇವೆರಡರ ನಡುವೆ: ಮೇಲೆ ನಮ್ಮ ಬಾಯಾರಿಕೆ, ಕೆಳಗೆ ನಮ್ಮ ಬಚ್ಚಲು.

ಮೊನ್ನೆ ಸಂಜೆ ಗೇಟಿನ ಬಳಿ ರಾಯರು ತಾವಾಗಿಯೇ ಮಾತೆತ್ತಿದರು. "ಆ ಮರಿಗಳನ್ನು ಡಬ್ಬಗಳಲ್ಲಿ ಹೊತ್ತು ಹೊಳೆಗೆ ಬಿಟ್ಟವರಲ್ಲಿ ನಾನೂ ಒಬ್ಬ, ಮೇಷ್ಟ್ರೆ. ಪುಣ್ಯವೆಂದೇ ಬಿಟ್ಟೆ. ಮಗುವಿಗೆ ಏನು ಹೇಳಲಿ?"

"ಇದನ್ನೇ ಹೇಳಿ, ರಾಯರೆ" ಎಂದೆ.

ಹೇಳಿದರಂತೆ. ಭಾವಚಿತ್ರ ಗೋಡೆಯ ಮೇಲೆ ಹಾಗೆಯೇ ಇದೆ. ಅದರ ಕೆಳಗೆ ಆ ಹುಡುಗಿ ಚೀಟಿಯೊಂದನ್ನು ಅಂಟಿಸಿದ್ದಾಳೆ. ಅದರ ಮೇಲೆ ಮೀನಿನ ಹೆಸರನ್ನು ಪೂರ್ತಿಯಾಗಿ ಬರೆದಿದ್ದಾಳೆ.