ತಾಯಿಯನ್ನು ಹೊಗಳುವ ಮುನ್ನ

ಚಾರ್ಮಾಡಿ ಘಾಟಿಯ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳ ಪಾಡನ್ನು ಪೂರ್ವಜನ್ಮದ ಕರ್ಮವೆನ್ನುವ ಸದ್ಭಕ್ತರಿದ್ದಾರೆ. ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ 1980ರ ದಶಕದಿಂದ 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಯಾರ ಪೂರ್ವಜನ್ಮದ್ದು? ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ.

ಕರ್ಮವೆನ್ನದವರು ತಾಯಿಯನ್ನು ಹೊಗಳುತ್ತಾರೆ. ಆಕೆಯದು ತಪಸ್ಸಂತೆ! ಬೆಳೆದ ಮಗನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಮಲಗಿಸಿಯೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಅಪಸ್ಮಾರ ಬಂದಾಗ ಬಾಯಿಗೆ ಏನನ್ನೂ ತುರುಕಬಾರದು. ಇವು ಕಲಿತು ಮಾಡಬೇಕಾದ ಕೆಲಸಗಳು, ಮಮತೆಯಿಂದ ತಾನಾಗಿ ಬರುವಂಥವಲ್ಲ. ಅರವತ್ತು ದಾಟಿದ ಸೊಂಟ ಎಷ್ಟು ದಿನ ಆ ಭಾರ ಎತ್ತೀತು? ಆಕೆಯೇ ಜ್ವರದಿಂದ ಮಲಗಿದ ದಿನ ಆ ತಪಸ್ಸು ಯಾರದು?

ಮಾಸಾಶನ ಬೇಕು, ನಿಜ. ಅದು ಮಗ್ಗುಲು ಬದಲಿಸುವುದಿಲ್ಲ. ಕೊಕ್ಕಡದಲ್ಲಿ ತೆರೆದ ಪಾಲನಾ ಕೇಂದ್ರವೂ ಹಗಲಿನದು. ವಾಹನ ಹತ್ತಿಸಲಾಗದವರಿಗೆ ಅದು ದೂರವೇ, ರಾತ್ರಿಗಂತೂ ಯಾರೂ ಇಲ್ಲ. ಅಕ್ಕಿಚೀಲ ಇಳಿಸಿ ಕೈಮುಗಿದು ಹಿಂದಿರುಗುವುದನ್ನು ದಾಸೋಹವೆಂದುಕೊಳ್ಳುವುದು ಸುಲಭ; ತಿಂಗಳಿಗೆರಡು ರಾತ್ರಿ ಆ ಹಾಸಿಗೆಯ ಪಕ್ಕ ಕುಳಿತು ತಾಯಿಯನ್ನು ನಿದ್ದೆಗೆ ಕಳಿಸುವವರು ವಿರಳ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಹೆಚ್ಚಿನ ನೆರವು ಬೇಕಾದವರ ಆರೈಕೆಗೆ ಭತ್ಯೆಯನ್ನು ಹೇಳಿದೆ. ಅದರ 38ನೆಯ ಕಲಮಿನಂತೆ ಅಂಥವರ ಪರವಾಗಿ ಯಾವ ವ್ಯಕ್ತಿಯೂ, ಯಾವ ಸಂಸ್ಥೆಯೂ ಅರ್ಜಿ ಸಲ್ಲಿಸಬಹುದು. ಆ ತಾಯಿಗೆ ಕಚೇರಿಗೆ ಹೋಗಲು ಬಿಡುವಿಲ್ಲ. ಆಕೆಯನ್ನು ಹೊಗಳುವವರಿಗೆ ಇದೆ.